ನಾಲಿಗೆ ಕೊಯ್ಯುವ ಮಕ್ಕಳು

ಫೆಬ್ರವರಿಯಲ್ಲಿ ನಮ್ಮ ದ್ವೀಪಕ್ಕೆ ಸೂರ್ಯ
ಸಾಲ ಕೇಳಲು ಬಂದವನ ಹಾಗೆ
ಬಾಗಿಲಲ್ಲೇ ನಿಂತು ಹೊರಟುಬಿಡುತ್ತಾನೆ.
ಕಾಡ್ ಮೀನು ಬರುವ ಕಾಲ.
ಶಾಲೆ ಬಿಟ್ಟ ಮಕ್ಕಳು ರಬ್ಬರ್ ಅಂಗಿ ತೊಟ್ಟು
ಬಂದರಿನ ಶೆಡ್ಡಿಗೆ ಓಡುತ್ತಾರೆ.
ನೆಟ್ಟ ಮೊಳೆಗೆ ಮೀನಿನ ತಲೆ ಚುಚ್ಚಿ
ಒಂದೇ ಗೀರು. ನಾಲಿಗೆ ಬಕೆಟ್ಟಿಗೆ.
ಕಿಲೋಗೆ ಇಷ್ಟೆಂದು ದುಡ್ಡು.
ನಾಲಿಗೆಯಿಲ್ಲದ ತಲೆಗಳು ಗಾಳಿಗೆ ಒಣಗಿ
ಹಡಗು ಹತ್ತಿ ನೈಜೀರಿಯಾದ ಸಾರಿಗೆ ಹೋಗುತ್ತವೆ.

ನಾನೂ ಕೊಯ್ದವಳೇ. ಎಲ್ಡ್‌ಬ್ಯೋರ್ಗ್ ನನ್ನ ಹೆಸರು.
ಮೂವತ್ತೊಂದು ವರ್ಷ ಇಲ್ಲಿ ಭೂಗೋಳ ಕಲಿಸಿದೆ,
ನದಿಗಳ ಹೆಸರು, ರಾಜಧಾನಿಗಳ ಹೆಸರು.
ಧೈರ್ಯಕ್ಕೆ ಪಠ್ಯಪುಸ್ತಕ ಇರಲಿಲ್ಲ.
ಇದ್ದಿದ್ದರೂ ಆ ಪಾಠ ಹಾರಿಸಿ
ಮುಂದಕ್ಕೆ ಹೋಗುತ್ತಿದ್ದೆನೇನೋ.

ಈಗ ಗುರುವಾರ ಸಂಜೆ, ಗ್ರಂಥಾಲಯದ ಹಿಂದಿನ ಕೋಣೆ,
ಏಳು ಮಕ್ಕಳು, ಒಂದು ಡಬ್ಬಿ ಬಿಸ್ಕತ್ತು.
ಮೊದಲ ಹೋಂವರ್ಕ್: ಇವತ್ತು ಊಟಕ್ಕೆ ಕೂತಾಗ
ಅಜ್ಜಿಗೆ ಹೇಳಿ, ಸಾರಿಗೆ ಉಪ್ಪು ಹೆಚ್ಚಾಗಿದೆಯೆಂದು.
ಮೆಲ್ಲಗೆ. ಕಣ್ಣಲ್ಲಿ ಕಣ್ಣಿಟ್ಟು.
ಏಳರಲ್ಲಿ ಇಬ್ಬರು ಹೇಳಿ ಬಂದರು.

ಯೂಸ್ಟೈನ್ ಕೇಳಿದ, ದಂಡೆಗೆ ಹೋಗಿ
ಕೂಗಿ ಕೂಗಿ ಅಭ್ಯಾಸ ಮಾಡಲೇ?
ಬೇಡ ಮಗಾ. ಕಡಲು ಯಾರಿಗೂ ಮಾವನಲ್ಲ,
ಅದರ ಮುಂದೆ ಎಲ್ಲರೂ ಶೂರರೇ.
ದೂರದ ದೊರೆಯನ್ನು ಬೈದು ಬರಬಹುದು.
ನಿನ್ನ ಹೆಗಲ ಮೇಲೆ ಹೊತ್ತು ಆಡಿಸಿದವನಿಗೆ
'ಇದು ಸರಿಯಲ್ಲ' ಎನ್ನಬೇಕಲ್ಲ,
ಆಗ ಗೊತ್ತಾಗುತ್ತದೆ
ಎಲುಬಿಲ್ಲದ್ದು ಎಷ್ಟು ಭಾರವೆಂದು.

ಟುವಾ ಮೂರು ಗುರುವಾರ ಬಾಯಿ ಬಿಡಲಿಲ್ಲ.
ನಾಲ್ಕನೆಯದಕ್ಕೆ, ಎಲ್ಲರೂ ಹೋದ ಮೇಲೆ,
ಕೈಗವಸು ತಿರುಚುತ್ತ:
ರಿಮ್ವಿದಾಸ್ ಕುಡಿದಿರಲಿಲ್ಲ ಟೀಚರ್.
ಯಂತ್ರದ ಮುಚ್ಚಳ ಸೋಮವಾರವೇ ಬಿಚ್ಚಿಟ್ಟಿದ್ದರು,
ಕೆಲಸ ಬೇಗ ಸಾಗಲೆಂದು.
ನಾನು ಪಕ್ಕದಲ್ಲೇ ಕೊಯ್ಯುತ್ತಿದ್ದೆ.
ಅವನ ಎರಡು ಬೆರಳು...

ಬಿಚ್ಚಿಸಿದವನು ಅವಳ ಸೋದರಮಾವ ಟೊರ್ಗೇರ್.
ಊರಿಗೆ ಫುಟ್‌ಬಾಲ್ ಮೈದಾನ ಕೊಟ್ಟವನು,
ಅವಳಿಗೆ ಮೊದಲ ಚಾಕು ಕೊಟ್ಟವನು.
ಕುಡುಕನೆಂಬ ಹೆಸರು ಹೊತ್ತು, ಪರಿಹಾರವಿಲ್ಲದೆ,
ಇನ್ನೊಂದು ವಾರಕ್ಕೆ ಲಿಥುವೇನಿಯಾದವನು ಹೊರಡುತ್ತಾನೆ.

ಉಪ್ಪುಂಡ ಮನೆಗೆ ಎರಡು ಬಗೆಯಬಾರದಂತೆ.
ಉಪ್ಪಿನಿಂದಲೇ ಬದುಕುವ ಊರು ನಮ್ಮದು,
ಇಲ್ಲಿ ಯಾರ ಉಪ್ಪು ಯಾರು ತಿಂದಿಲ್ಲ?
'ಹೇಳು' ಎನ್ನಲು ನನಗೆ ನಾಲಿಗೆ ಬರಲಿಲ್ಲ.
ಹದಿಮೂರರ ಹೆಗಲಿಗೆ ಊರನ್ನೇ ಏರಿಸಿ
ಕೈ ಒರೆಸಿಕೊಳ್ಳುವುದು ಯಾವ ಶಿಕ್ಷಣ?

ನನ್ನದನ್ನು ಹೇಳಿದೆ.
ಪಕ್ಕದ ಬೆಂಚಿನಲ್ಲಿ ರಿಸ್ತೆನ್, ಸಾಮಿಯರ ಹುಡುಗಿ,
ಬಿದ್ದ ಪೆನ್ಸಿಲ್ ಕೇಳಿದ್ದಳು ತನ್ನ ತಾಯ್ನುಡಿಯಲ್ಲಿ.
ಆ ನುಡಿ ಶಾಲೆಯಲ್ಲಿ ಆಡಕೂಡದು.
ಸಂಜೆಯತನಕ ಮೂಲೆಯಲ್ಲಿ ನಿಲ್ಲಿಸಿದರು.
ಪೆನ್ಸಿಲ್ ನನ್ನ ಕಾಲಡಿಯಲ್ಲಿತ್ತು.
ನಾನು ಕಾಲು ತೆಗೆಯಲಿಲ್ಲ.
ಅಷ್ಟೇ. ಯಾರೂ ಸಾಯಲಿಲ್ಲ.
ಅರವತ್ತೈದು ವರ್ಷವಾಯಿತು ಟುವಾ,
ಆ ದುಂಡು ಕಡ್ಡಿ ಇನ್ನೂ ಪಾದಕ್ಕೆ ಒತ್ತುತ್ತದೆ.

ಭಾನುವಾರ ಊರಸಭೆ. ಕಾಫಿ, ದೋಸೆಯಂಥ ವಾಫಲ್,
ಮೈದಾನಕ್ಕೆ ಹೊಸ ದೀಪದ ಲೆಕ್ಕಾಚಾರ.
ಅವಳು ಎದ್ದಳು. ಕಂಠ ಎರಡು ಸಲ ಒಡೆಯಿತು.
'ಮಾವ, ಮುಚ್ಚಳ ಇರಲಿಲ್ಲ. ನಾನು ನೋಡಿದೆ.'
ಕೂತಳು.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ಕಾಫಿಯಂತ್ರವೊಂದೇ ಗೊಟಗೊಟ ಮಾತಾಡುತ್ತಿತ್ತು.
ಅವಳಮ್ಮ ವಾಫಲ್ ತಟ್ಟೆ ಅತ್ತ ಸರಿಸಿದಳು, ಮತ್ತೆ ಇತ್ತ.
ಟೊರ್ಗೇರ್ ತನ್ನ ಕಪ್ಪಿನೊಳಗೆ ನೋಡುತ್ತಲೇ ಇದ್ದ,
ತಳದಲ್ಲಿ ಏನೋ ಬಿದ್ದವನಂತೆ.

ಮುಂದೇನಾಯಿತೆಂದು ಕೇಳಬೇಡಿ. ಇನ್ನೂ ಆಗುತ್ತಿದೆ.
ಮಾರನೆಯ ದಿನ ಶೆಡ್ಡಿನಲ್ಲಿ
ಅವಳ ಎಡಕ್ಕೆ ಮೊಳೆ ಖಾಲಿ, ಬಲಕ್ಕೆ ಮೊಳೆ ಖಾಲಿ.
ಮಕ್ಕಳೆಲ್ಲ ಆಚೆ ಗೋಡೆಗೆ.
ಎಪ್ಪತ್ತನಾಲ್ಕರ ಮಂಡಿ ಎಳೆದುಕೊಂಡು ಹೋಗಿ
ಎಡಗಡೆ ನಿಂತೆ, ಹಳೆಯ ಚಾಕು ತೆಗೆದೆ.
ಮೊದಲ ತಲೆ ಜಾರಿತು. ಎರಡನೆಯದು ಹರಿಯಿತು.
ಟುವಾ ನನ್ನತ್ತ ತಿರುಗಲಿಲ್ಲ. ಕೊಯ್ಯುತ್ತಲೇ ಅಂದಳು:
'ಹಾಗಲ್ಲ ಟೀಚರ್. ಅಷ್ಟು ಹೆದರಿ ಹಿಡಿದರೆ
ಕೈಯೇ ಕೊಯ್ಯುತ್ತದೆ.'